ಒಂಬತ್ತು ಸೆಕೆಂಡಿನ ಪೆಟ್ಟಿಗೆಯೂ ನಾನು ಹೇಳದ ಒಂದು ಮಾತೂ

ಕಷ್ಟದ ಕೆಲಸ ಮಾಡುವವನಿಗಿಂತ, ತನ್ನ ಕೆಲಸ ಕಷ್ಟದ್ದೆಂದು ನಾಲ್ಕು ಜನರನ್ನು ನಂಬಿಸಿದವನಿಗೇ ಲೋಕದಲ್ಲಿ ಮರ್ಯಾದೆ ಹೆಚ್ಚು. ನಾನು ಎರಡನೆಯ ಜಾತಿಯವನು. ಗೋವಾದ ಕುಂಕಳ್ಳಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು, ಕೆಲಸಗಾರರನ್ನು ಕರೆತರುವ ಆರು ಬಸ್ಸುಗಳು ಯಾವ ದಾರಿ ಹಿಡಿಯಬೇಕು, ಎಲ್ಲೆಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡುವುದು ನನ್ನ ಕೆಲಸ. ಮಂಗೋರ್ ಹಿಲ್, ಝುವಾರಿನಗರ, ಮಡಗಾಂವ್ ಎಲ್ಲ ಸೇರಿ ನಲವತ್ತು ಸ್ಟಾಪು. ಇಬ್ಬರು ಕೆಲಸ ಬಿಟ್ಟು ಮೂವರು ಸೇರಿದರೆ ಇಡೀ ನಕ್ಷೆ ಹರಿದು ಹೊಸದು ಮಾಡಬೇಕು. ಅಂಥ ವಾರಗಳಲ್ಲಿ ನಾನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಯಾರು ಮಾತನಾಡಿಸಿದರೂ ಕೈಯೆತ್ತಿ ತಡೆದು, ಮನೆಯಲ್ಲೂ ಮುಖ ಗಂಟಿಕ್ಕಿಕೊಂಡು ತಿರುಗುತ್ತಿದ್ದೆ. ‘ನಿಮ್ಮ ತಲ್ಯಾಗ ಬಸ್ ಓಡಾಕತ್ತಾವು, ನೀವು ಉಣ್ಣೂದು ಬ್ಯಾರೆ ಯಾರರ ಉಣ್ಣಬೇಕೇನು?’ ಎಂದು ಹೆಂಡತಿ ರೇಗುತ್ತಿದ್ದಳು. ಅದೂ ನನಗೆ ಬಿರುದಿನಂತೆ ಕೇಳುತ್ತಿತ್ತು.

ಹೀಗಿರುವಾಗ ಧಾರವಾಡದ ಹುಡುಗಿ ವಿದ್ಯಾ ಹೊಸ ಎಂಜಿನಿಯರಾಗಿ ಬಂದಳು. ಜೊತೆಗೆ ಹಾರ್ಮೋನಿಯಂನಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ತಂದು ನನ್ನ ಮೇಜಿನ ಪಕ್ಕದಲ್ಲೇ ಇಟ್ಟಳು. ಬಸ್ಸಿನ ದಾರಿಯನ್ನು ಇನ್ನು ಮುಂದೆ ಇದು ಹುಡುಕುತ್ತದಂತೆ. ನಾನು ನಕ್ಕೆ. ಅವಳು ನಗಲಿಲ್ಲ. ‘ಬರೇ ಹತ್ತು ಸ್ಟಾಪ್ ಇದ್ರೂ ಅವನ್ನ ಹಿಂದ-ಮುಂದ ಜೋಡಸೂ ಬಗಿ ಮೂವತ್ತಾರು ಲಕ್ಷ ದಾಟ್ತಾವ್ರಿ ಸರ್. ನಲವತ್ತಂದ್ರ ಎಣಸಾಕೂ ಆಗೂದಿಲ್ಲ. ಸಾದಾ ಕಂಪ್ಯೂಟರ್ ಸಾಲಾಗಿ ನೋಡ್ಕೋತ ಅರ್ಧ ದಿನ ಕೂಡ್ತದ. ಇದರಾಗ ಸಾವಿರಾರು ಸಣ್ಣ ಲೆಕ್ಕಗಾರರು ಕುಂತಂಗ ಅಂತ ತಿಳೀರಿ. ಎಲ್ಲಾರೂ ಒಮ್ಮೆಲೇ ಬ್ಯಾರೆ ಬ್ಯಾರೆ ಹಾದಿ ಹಿಡದು ನೋಡ್ತಾರ. ಒಬ್ಬರಿಗೆ ಚಲೋದು ಸಿಕ್ರ ಉಳದಾವ್ರಿಗೆ ಹೇಳ್ತಾರ, ಕೆಟ್ಟದ್ದನ್ನ ಅಲ್ಲೇ ಬಿಡ್ತಾರ’ ಎಂದು ಸಮಾಧಾನದಿಂದ ವಿವರಿಸಿದಳು. ನನಗೆ ಅರ್ಥವಾದದ್ದಿಷ್ಟು: ಇಷ್ಟು ವರ್ಷ ಒಬ್ಬನೇ ಗುಮಾಸ್ತನಿದ್ದ ಕಚೇರಿಗೆ ಸಾವಿರಾರು ಗುಮಾಸ್ತರು ಬಂದಿದ್ದಾರೆ, ಅವರಲ್ಲಿ ಒಬ್ಬನೂ ಚಹಾ ಕುಡಿಯುವವನಲ್ಲ.

ಷರತ್ತುಗಳನ್ನೆಲ್ಲ ಪೆಟ್ಟಿಗೆಗೆ ಮೊದಲೇ ತಿಳಿಸಬೇಕಿತ್ತು. ಯಾವ ಬಸ್ಸಿಗೆ ಎಷ್ಟು ಸೀಟು, ಯಾವ ಓಣಿಯಲ್ಲಿ ಬಸ್ಸು ತಿರುಗುವುದಿಲ್ಲ, ಇಂಥವು. ನಾನು ಹೇಳುತ್ತ ಹೋದೆ, ಅವಳು ಬರೆದುಕೊಂಡಳು. ‘ಮತ್ತೇನರ ಅದಾವೇನ್ರಿ ಸರ್?’ ಎಂದು ಮೂರು ಸಲ ಕೇಳಿದಳು. ಒಂದಿತ್ತು. ಝುವಾರಿನಗರದ ಹಸೀನಾಬಿ ಪ್ಯಾಕಿಂಗ್ ವಿಭಾಗದವರು. ಹಿಂದೆ ಕಟ್ಟಡದ ಕೆಲಸದಲ್ಲಿ ಬಿದ್ದು ಮೊಣಕಾಲು ಮುರಿದಿತ್ತು, ಹೆದ್ದಾರಿ ದಾಟುವುದು ಅವರಿಂದಾಗದು. ಅದಕ್ಕೇ ನನ್ನ ನಕ್ಷೆಯಲ್ಲಿ ಬಸ್ಸು ಒಳರಸ್ತೆಗೆ ಹೊಕ್ಕು ಅವರ ಓಣಿಯ ಬಾಯಲ್ಲಿ ನಿಲ್ಲುತ್ತಿತ್ತು. ಕಾರಣ ಎಲ್ಲೂ ಬರೆದಿರಲಿಲ್ಲ, ನನ್ನ ತಲೆಯಲ್ಲಿತ್ತು. ಅದು ಅಲ್ಲೇ ಇರಲಿ ಅನ್ನಿಸಿತು. ಪೆಟ್ಟಿಗೆ ಒಂದು ಕಡೆಯಾದರೂ ಎಡವಲಿ, ಆಗ ಎಲ್ಲರೂ ನನ್ನ ಮೇಜಿಗೆ ಬರುತ್ತಾರೆ ಎಂಬುದು ನನ್ನ ಲೆಕ್ಕ. ‘ಏನೂ ಇಲ್ಲವ್ವಾ, ಇಷ್ಟ’ ಎಂದೆ.

ಒಂಬತ್ತು ಸೆಕೆಂಡು. ನಾನು ಕನ್ನಡಕ ಒರೆಸಿಕೊಂಡು ಹಾಕಿಕೊಳ್ಳುವಷ್ಟರಲ್ಲಿ ಆರು ಬಸ್ಸುಗಳ ದಾರಿ ಪರದೆಯ ಮೇಲಿತ್ತು. ನಾನು ಹೇಳದೆ ಉಳಿಸಿದ್ದೊಂದನ್ನು ಬಿಟ್ಟರೆ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಮಂಗೋರ್ ಹಿಲ್‌ನವರು ಇಪ್ಪತ್ತು ನಿಮಿಷ ತಡವಾಗಿ ಎದ್ದರೂ ನಡೆಯುತ್ತಿತ್ತು. ಆ ಮಂದಿಯಲ್ಲಿ ನಾನೂ ಒಬ್ಬ. ಆದರೂ ಹಟಕ್ಕೆ ಹಳೆಯ ಹೊತ್ತಿಗೇ ಎದ್ದು ಕೂತೆ.

ಹಸೀನಾಬಿಯವರ ಸ್ಟಾಪು ಹೆದ್ದಾರಿಯ ಆಚೆ ಬದಿಗೆ ಹೋಗಿತ್ತು. ಮೊದಲ ದಿನ ಅವರಿಗೆ ಬಸ್ಸು ತಪ್ಪಿತು. ಎರಡನೆಯ ದಿನ ಯಾರೋ ಕೈಹಿಡಿದು ದಾಟಿಸಿದರು. ಮೂರನೆಯ ದಿನ ಬೆಳಿಗ್ಗೆ ಒಬ್ಬರೇ ಅವಸರದಲ್ಲಿ ದಾಟುವಾಗ ಸ್ಕೂಟರ್ ಬಡಿಯಿತು. ಸ್ಕೂಟರಿನವನೇ ಆಸ್ಪತ್ರೆಗೆ ಕರೆದೊಯ್ದನಂತೆ. ಮಣಿಕಟ್ಟು ಮುರಿದಿತ್ತು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ಪೆಟ್ಟಿಗೆಯನ್ನು ವಾಪಸು ಕಳಿಸಿಬಿಡಿ, ಮೊದಲಿನಂತೆ ನೀವೇ ಮಾಡಿ ಎಂದು ನನಗೆ ಹೇಳಿದರು. ಕೇಳಬೇಕೆಂದು ನಾನು ಆಸೆಪಟ್ಟಿದ್ದ ಮಾತು ಅಕ್ಷರ ಬಿಡದೆ ಅದೇ. ವಿದ್ಯಾ ನೆಲ ನೋಡುತ್ತ, ‘ತಪ್ಪು ನಂದ್ರಿ. ನಾ ಇನ್ನೊಮ್ಮೆ ಕೇಳಬೇಕಾಗಿತ್ತು’ ಎಂದಳು. ಅವಳ ದನಿ ಒಡೆದಿತ್ತು. ಮೂರು ಸಲ ಕೇಳಿದವಳು ನಾಲ್ಕನೆಯ ಸಲ ಕೇಳಲಿಲ್ಲವೆಂದು ಅಳುತ್ತಿದ್ದಳು. ‘ಆಕಿ ಕೇಳಿದ್ಲು. ನನಗ ಗೊತ್ತಿತ್ತು. ನಾನೇ ಹೇಳಲಿಲ್ಲ’ ಎಂದೆ. ಮ್ಯಾನೇಜರ್, ಪೆಟ್ಟಿಗೆ ಇರಲಿ, ಹೋಗಿ ಸರಿಮಾಡಿ ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ವಿದ್ಯಾ ಒಂದು ಸಾಲು ಸೇರಿಸಿದಳು. ಮತ್ತೆ ಅಷ್ಟೇ ಹೊತ್ತು. ಬಸ್ಸು ಒಳರಸ್ತೆಗೆ ಎದುರು ದಿಕ್ಕಿನಿಂದ ಹೊಕ್ಕು ಹಸೀನಾಬಿಯವರ ಓಣಿಯ ಮುಂದೆ ನಿಂತಿತು. ನನ್ನ ಹಳೆಯ ನಕ್ಷೆಯಲ್ಲಿ ಅದಕ್ಕೆ ಹನ್ನೆರಡು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಇದರಲ್ಲಿ ಎರಡು. ಅಷ್ಟು ವರ್ಷ ಆ ದಿಕ್ಕಿನಿಂದ ಹೋಗಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಆ ಭಾನುವಾರ ಹಣ್ಣು ಹಿಡಿದು ಹಸೀನಾಬಿಯವರ ಮನೆಗೆ ಹೋದೆ. ಕೈಗೆ ಪ್ಲಾಸ್ಟರ್ ಇತ್ತು. ಅವರ ಮಗಳು ಚಹಾ ತಂದಿಟ್ಟಳು. ‘ಆ ಮಷೀನಿಗೇನ್ ಗೊತ್ರಿ ಅಣ್ಣಾರ, ಅದಕ್ಕ ಜೀವ ಇಲ್ಲ. ನೀವ ಮಾಡಿದ್ರ ಹಿಂಗ ಆಗ್ತಿರ್ಲಿಲ್ಲ’ ಎಂದು ಅವರೇ ನನ್ನನ್ನು ಸಮಾಧಾನ ಮಾಡತೊಡಗಿದರು. ಹೂಂ ಎಂದು ಎದ್ದುಬರುವುದು ಬಹಳ ಸುಲಭವಿತ್ತು. ‘ಮಷೀನಿಗೆ ಗೊತ್ತಿರಲಿಲ್ಲ ಅಕ್ಕಾರ. ನನಗ ಗೊತ್ತಿತ್ತು’ ಎಂದು ಎಲ್ಲ ಹೇಳಿದೆ. ಅವರು ಪ್ಲಾಸ್ಟರಿನ ಮೇಲೆ ಕೈಯಾಡಿಸಿದರು. ಆಮೇಲೆ, ‘ಖರೇ ಹೇಳಾಕ ಇಷ್ಟು ದೂರ ಬಂದ್ರಿ. ಆವತ್ತ ಆಫೀಸಿನಾಗ ಕುಂತಲ್ಲೇ ಹೇಳಿದ್ರ ಸಾಕಿತ್ತಲ್ರಿ’ ಎಂದರು. ಸಿಟ್ಟಿರಲಿಲ್ಲ. ‘ಚಾ ಆರಾಕತ್ತೈತಿ, ಕುಡೀರಿ’ ಎಂದೂ ಹೇಳಿದರು. ಕುಡಿದೆ. ರುಚಿ ಏನಿತ್ತೋ ಗೊತ್ತಾಗಲಿಲ್ಲ.

ಈಗ ಅವರು ಕೆಲಸಕ್ಕೆ ಮರಳಿದ್ದಾರೆ. ಹೊಸ ದಾರಿಯ ಸೂಚನೆಯನ್ನು ಕಾರ್ಖಾನೆಯ ಗೇಟಿನಲ್ಲಿ ಅಂಟಿಸಲಾಗಿದೆ. ನಿಯಮದಂತೆ ಕೆಳಗೆ ನನ್ನ ಸಹಿ ಇದೆ. ಬಸ್ಸಿಳಿದವರು ನಿಂತು, ‘ಈ ಸರ್ತಿ ಭಾಳ ಚಲೋ ತಲಿ ಓಡಿಸೀರಿ ಬಿಡ್ರಿ ಸರ್’ ಎನ್ನುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತೇನೆ. ಅದನ್ನು ಅವರು ವಿನಯವೆಂದು ತಿಳಿದಿದ್ದಾರೆ.