ಸಂಜೆಯೊಳಗೆ ಮಂಜೂರಾದ ಅರ್ಜಿ

ಕರಿಬಸಯ್ಯನ ಆ ದಿನದ ಫಜೀತಿಗೆ ಮೂಲ ಒಂದಿಷ್ಟು ಗಜ್ಜಿ ಮುಲಾಮು.

ಅವನ ಹೆಂಡತಿ ಶಂಕ್ರಮ್ಮ ಲಕ್ವ ಹೊಡೆದು ನಾರಾಯಣಪೇಟೆಯ ದವಾಖಾನೆ ಸೇರಿ ಐದು ದಿನವಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಡಾಕ್ಟರು ಶಿವಯ್ಯನವರು ಅವಳನ್ನು ಮಗ್ಗುಲು ಹೊರಳಿಸಿ, ತಲೆ ಎತ್ತಿ ಹಿಡಿದು ಚಮಚದಲ್ಲಿ ಗಂಜಿ ಕುಡಿಸಿ, ಪಕ್ಕದ ಮಂಚದವನ ಗಜ್ಜಿಗೆ ಮುಲಾಮು ಸವರಲು ಹೋದರು. ಅದನ್ನು ನೆರೆಮನೆಯ ಮೊಗುಲಪ್ಪ ನೋಡಿಬಿಟ್ಟ. ಮೂವತ್ತು ವರ್ಷ ತಹಸೀಲು ಕಚೇರಿಯ ಮುಂದೆ ಕೂತು ಅರ್ಜಿ ಬರೆದವನು.

"ಗಜ್ಜಿಗೂ ಇವ್ರೇ, ಹೆರಿಗೆಗೂ ಇವ್ರೇ, ತಲ್ಯಾಗಿನ ನರಕ್ಕೂ ಇವ್ರೇ ಏನೋ? ಬರೇ ನರ ನೋಡೋ ದೊಡ್ಡ ಡಾಕ್ಟರು ದಂಡಿನ ಕ್ಯಾಂಪಿಗೆ ಬಂದಾರ. ಅರ್ಜಿ ಹಾಕೋಣು."

"ಆಕಿಗೆ ಮಾತು ಬಂದ್ರ ಸಾಕಣ್ಣ."

ಮೊಗುಲಪ್ಪ ಬರೆದು ಓದಿದ: 'ಈ ಡಾಕ್ಟರು ನಾಲಾಯಕ್. ಕೂಡಲೇ ತೆಗೆದುಹಾಕಿ ದೊಡ್ಡ ಡಾಕ್ಟರನ್ನು ಕಳಿಸುವುದು.'

"ಅಯ್ಯ, ಅವ್ರೇನು ಮಾಡ್ಯಾರಪ್ಪ ಪಾಪ!"

"ಹುಚ್ಚಪ್ಪ, ಕಚೇರಿ ಪದ್ಧತಿ ಇದು. ಬಾವಿ ಕೇಳಿದ್ರ ಒಂದು ಕೊಡ ನೀರು ಕೊಡ್ತಾರ. ತೆಗೀರಿ ಅಂದ್ರ ದೊಡ್ಡವರು ಒಮ್ಮೆ ಬಂದು ನೋಡಿ ಹೋಗ್ತಾರ, ಅಷ್ಟ. ನಿಜಾಮರ ಕಾಲದಾಗ ನನ್ನ ಅರ್ಜಿಯಿಂದ ಒಬ್ಬ ಜವಾನನ ನೌಕರಿನೂ ಹೋಗಿಲ್ಲ!"

ಕರಿಬಸಯ್ಯ ಎಡಗೈ ಹೆಬ್ಬೆಟ್ಟು ಒತ್ತಿದ.

ಆದರೆ ನಿಜಾಮರ ಕಾಲ ಮುಗಿದು ತಿಂಗಳಾಗಿತ್ತು. ಭಾರತದ ದಂಡಿನೊಂದಿಗೆ ಬಂದ ಹೊಸ ಅಧಿಕಾರಿಗೆ ಆ ಪದ್ಧತಿ ತಿಳಿಯದು. ಬರೆದದ್ದನ್ನು ಬರೆದಂತೆಯೇ ನಂಬಿದ. ಮಧ್ಯಾಹ್ನಕ್ಕೆ ಜೀಪು ಬಂತು. ಶಿವಯ್ಯನವರಿಗೆ ಗಟ್ಟು ಎಂಬ ದೂರದ ಊರಿಗೆ ವರ್ಗ. ಟ್ರಂಕು ಹಿಡಿದು ಹೊರಟವರು ಬಾಗಿಲಲ್ಲಿ ನಿಂತರು. "ಮಲಗಿಸಿ ಗಂಜಿ ಕುಡಿಸಬ್ಯಾಡಪ್ಪ ಕರಿಬಸಯ್ಯ. ಎದಿಗೆ ಹೋದ್ರ ಜೀವಕ್ಕೆ ಕುತ್ತು."

ಕರಿಬಸಯ್ಯ ನೀಲಿ ಹೆಬ್ಬೆಟ್ಟನ್ನು ಧೋತರದೊಳಗೆ ಬಚ್ಚಿಟ್ಟು ಗೋಣು ಹಾಕಿದ.

ಹೊತ್ತು ಇಳಿಯುವಾಗ ದೊಡ್ಡ ಡಾಕ್ಟರು ಬಂದರು. ಸಣ್ಣ ಸುತ್ತಿಗೆಯಿಂದ ಮೊಣಕಾಲು ಕುಟ್ಟಿದರು, ಕಣ್ಣಿಗೆ ಬೆಳಕು ಬಿಟ್ಟರು. ತಲೆಯ ಎಡಭಾಗದ ರಕ್ತನಾಳ ಕಟ್ಟಿದೆ, ಅದಕ್ಕೆ ಔಷಧವಿಲ್ಲ ಎಂದರು. ಬೆನ್ನು ನೋಡಿ ಹುಬ್ಬೇರಿಸಿದರು. "ಮಲಗಿದಲ್ಲೇ ಆಗುವ ಹುಣ್ಣಿಲ್ಲ. ಎದೆಯೂ ಸ್ವಚ್ಛ. ನೋಡಿಕೊಂಡವರು ಯಾರು? ಅವರನ್ನು ಮಾತ್ರ ಬಿಡಬೇಡಿ. ಈಕೆ ಉಳಿದರೆ ಅವರ ಕೈಯಿಂದಲೇ."

"ನೀವರ ಇರ್ರಿ ಸಾಹೇಬ್ರ!"

"ನನಗೆ ಹದಿನಾರು ದವಾಖಾನೆ. ಮುಂದಿನ ತಿಂಗಳು ಬರುತ್ತೇನೆ."

ಕರಿಬಸಯ್ಯ ಬಾಲಕ್ಕೆ ಬೆಂಕಿ ಬಿದ್ದ ಕರುವಿನಂತೆ ಕ್ಯಾಂಪಿಗೆ ಓಡಿದ. ಗುಮಾಸ್ತ ತಲೆ ಎತ್ತಲಿಲ್ಲ. "ತೆಗಿಯೋದು ನಮ್ಮ ಕೈಯಾಗಿತ್ತು, ತೆಗದ್ವಿ. ತಿರುಗಿ ತರೋದು ಹೈದರಾಬಾದ್ ಕಚೇರಿದು. ಆರು ತಿಂಗಳರ ಆಗ್ತೈತಿ."

ವಾಪಸು ಬಂದು, ಶಂಕ್ರಮ್ಮನ ಕುತ್ತಿಗೆಯ ಕೆಳಗೆ ಎಡಗೈ ಕೊಟ್ಟು ಎತ್ತಿ, ಬಲಗೈಯಲ್ಲಿ ಚಮಚ ಹಿಡಿದ. ಎಷ್ಟು ಎತ್ತಬೇಕು, ಎಷ್ಟು ಸುರಿಯಬೇಕು, ಒಂದೂ ತಿಳಿಯದು. ಚಮಚ ತುಟಿಗೆ ತಾಗಿಸಿದ. ಅವಳ ತುಟಿ ಅಲುಗಿತು.

"ಡಾ...ಕ್ಟ್ರು... ಎಲ್ಲಿ?"

"ಮಾತು ಬಂತು!" ಮೊಗುಲಪ್ಪ ಕುಣಿದ. "ನೋಡಿದ್ಯಾ ದೊಡ್ಡವರ ಕೈಗುಣ! ಆ ಶಿವಯ್ಯನ್ನ ತೆಗದಿದ್ದಕ್ಕ ಸರ್ಕಾರಕ್ಕ ಶುಕ್ರಿಯಾ ಬರಿಬೇಕು. ಇನ್ನೆಂದೂ ಕಳಿಸಬ್ಯಾಡ್ರಿ ಅಂತನೂ ಸೇರಸ್ತೀನಿ."

"ಬ್ಯಾಡಣ್ಣ, ನಿನ್ನ ಕಾಲಿಗೆ ಬೀಳ್ತೀನಿ!"

"ನಾಚಬ್ಯಾಡೋ."

ಕರಿಬಸಯ್ಯ ಒಂದು ಚಮಚ ಗಂಜಿ ಅವಳ ಬಾಯಿಗೆ ಬಿಡುವಷ್ಟರಲ್ಲಿ ಮೊಗುಲಪ್ಪ ಬರೆದು ಮುಗಿಸಿ, ಅವಳ ಕುತ್ತಿಗೆಯ ಕೆಳಗಿದ್ದ ಎಡಗೈಯ ಹೆಬ್ಬೆಟ್ಟು ಹುಡುಕಿ ಶಾಯಿ ಸವರಿದ. ಕೈ ಎಳೆದುಕೊಂಡರೆ ಅವಳ ತಲೆ ಬೀಳುತ್ತದೆ, ಬಾಯಲ್ಲಿದ್ದ ಗಂಜಿ ಎದೆಗೆ ಹೋಗುತ್ತದೆ.

ಕರಿಬಸಯ್ಯ ಅಲುಗದೆ ನಿಂತ. ಕಾಗದದ ಮೇಲೆ ಹೆಬ್ಬೆಟ್ಟು ಬಹಳ ಚೊಕ್ಕವಾಗಿ ಮೂಡಿತು.