ತುಕ್ಕಿಗೊಂದು ಹರಕೆ

ದೇವರ ಮುಂದೆ ನಿಂತು ಜನ ಆರೋಗ್ಯ ಬೇಡುತ್ತಾರೆ, ಪರದೇಶದಲ್ಲಿ ನೆಲೆಸಲು ಪಿಆರ್ ಬೇಡುತ್ತಾರೆ, ಮಕ್ಕಳಿಗೆ ಒಳ್ಳೆಯ ಬುದ್ಧಿ ಬೇಡುತ್ತಾರೆ. ನಾನೂ ಬೇಡಿದ್ದೇನೆ, ಅವನೂ ಕೊಟ್ಟಿದ್ದಾನೆ. ಆದರೆ ತುಪ್ಪದ ದೀಪ ಹಚ್ಚಿ, "ಸ್ವಾಮೀ, ಬೇಗ ತುಕ್ಕು ಹಿಡಿಸಪ್ಪಾ" ಎಂದು ಬೇಡಿಕೊಂಡ ಗೃಹಿಣಿ ಮೆಲ್ಬರ್ನಿನಲ್ಲಿ ನಾನೊಬ್ಬಳೇ ಇರಬೇಕು. ಅದೂ ತುಕ್ಕನ್ನು ಕಂಡರಾಗದ ನಾನು! ಡ್ಯಾಂಡಿನಾಂಗಿನ ಅಂಗಡಿಯಿಂದ ತಂದ ಹುಣಸೇಹಣ್ಣಿನಲ್ಲಿ ಅರ್ಧ ಸಾರಿಗೆ, ಇನ್ನರ್ಧ ದೇವರ ಪಾತ್ರೆ ಬೆಳಗಲು ಎನ್ನುವುದು ನಮ್ಮ ಮನೆಯ ಲೆಕ್ಕ.

ಪಕ್ಕದ ಮನೆಯ ಕೆನ್ ಅಂಕಲ್‌ಗೆ ಎಂಬತ್ತರ ಹತ್ತಿರ ವಯಸ್ಸು. ನಾವು ಊರಿಗೆ ಹೋದಾಗಲೆಲ್ಲ ನಮ್ಮ ಕಸದ ಬಿನ್ ರಸ್ತೆಗಿಟ್ಟು, ಕರಿಬೇವಿಗೆ ನೀರು ಹಾಕಿ ಕಾಪಾಡಿದ ಪುಣ್ಯಾತ್ಮ. ಹಿಂದಿನ ಕಾಲದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಬಳಸುತ್ತಿದ್ದ, ಬಾಯಿಯ ಕಡೆಯಿಂದ ಮದ್ದುಗುಂಡು ತುಂಬುವ ಕೋವಿಯೊಂದನ್ನು ಕೈಯಾರೆ ಜೋಡಿಸಬೇಕೆಂದು ಅವರು ಬಿಡಿಭಾಗಗಳ ಕಿಟ್ ತರಿಸಿದ್ದರು. ಅದು ಬರುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಕಿಟ್ ನಮ್ಮ ಯಜಮಾನರ ಪಾಲಿಗೆ ಬಂತು. ಲೈಸೆನ್ಸು, ಉಕ್ಕಿನ ಪೆಟ್ಟಿಗೆ, ಕಾಗದಪತ್ರ ಎಂದು ಇವರು ಓಡಾಡುವಾಗ ನಾನು ತಡೆದೆ.

"ರೀ, ಇರುವೆ ಸಾಲು ಕಂಡ್ರೆ ದಾಟ್ಕೊಂಡು ಹೋಗೋ ಮನೆಗೆ ಕೋವಿ ಯಾಕ್ರೀ?"

"ಹೊಡೆಯೋಕಲ್ಲ ಕಣೇ, ಮುಗಿಸೋಕೆ. ಆ ಮನುಷ್ಯನ ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡ್ಲಿ."

ಎಷ್ಟೋ ಶನಿವಾರ ಇವರು ಕೋವಿಯ ಮರದ ಭಾಗವನ್ನು ಅರದಿಂದ ಉಜ್ಜಿದರು, ಅಗಸೆ ಎಣ್ಣೆ ತೀಡಿದರು. ಅಷ್ಟರಲ್ಲಿ ಸುದ್ದಿ ಬಂತು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ಮಗಳು ಅಂಕಲ್‌ರನ್ನು ತನ್ನ ಮನೆಗೆ ಕರೆದೊಯ್ಯಲು ಬರುತ್ತಾಳಂತೆ. ಆಯುಧಪೂಜೆ ಕಳೆದು ಹತ್ತನೆಯ ದಿನಕ್ಕೆ ಪ್ರಯಾಣ.

ಆಯುಧಪೂಜೆಯ ದಿನ ಇವರು ಕೆಲಸಕ್ಕೆ ಹೋಗಿದ್ದರು. ಈಳಿಗೆಮಣೆ, ಕತ್ತರಿ, ಮಗಳ ಕಂಪಾಸು ಎಲ್ಲ ಒಟ್ಟುಮಾಡುತ್ತಾ ಬಟ್ಟೆ ಒಗೆಯುವ ಕೋಣೆಗೆ ಹೋದರೆ, ಕೋವಿಯ ನಳಿಗೆ ತಂತಿಯಲ್ಲಿ ನೇತಾಡುತ್ತಿದೆ. ತುದಿಯಿಂದ ಬುಡದವರೆಗೆ ಕೆಂಪಗೆ ತುಕ್ಕು! ಪಾಪ, ದುಡಿತದ ನಡುವೆ ಒರೆಸಿಡಲು ಮರೆತಿದ್ದಾರೆ ಎಂದುಕೊಂಡೆ. ಹುಣಸೇಹಣ್ಣು ನೆನೆಸಿ, ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಾ ಉಜ್ಜಿದೆ. ನಾಮ ಮುಗಿಯುವಷ್ಟರಲ್ಲಿ ನಳಿಗೆ ಬೆಳ್ಳಿಯಾಯಿತು. ಕೊಬ್ಬರಿ ಎಣ್ಣೆ ಸವರಿ, ಕುಂಕುಮವಿಟ್ಟು, ದೇವರ ಮುಂದೆ ಮಲಗಿಸಿ ಹೂವೇರಿಸಿದೆ.

ಸಂಜೆ ಇವರು ಕೈಮುಗಿದು ಕಣ್ಣು ತೆರೆದವರು ಹಾಗೇ ನಿಂತರು.

"ಶಾರದಾ, ಏನ್ ಮಾಡ್ದೆ ಇದಕ್ಕೆ?"

"ಬೆಳಗಿದೆ ರೀ. ಎಷ್ಟು ತುಕ್ಕು ಹಿಡಿದಿತ್ತು ಗೊತ್ತಾ?"

ಇವರು ಮೆಲ್ಲಗೆ ಚಾಪೆಯ ಮೇಲೆ ಕೂತರು. "ಅದು ನಾನೇ ಹಿಡಿಸಿದ್ದು ಕಣೇ. ಐದು ಪದರ."

ತುಕ್ಕು ಹಿಡಿಸುವ ದ್ರಾವಣ ಸವರಿ, ತೇವದಲ್ಲಿ ತೂಗುಹಾಕಿ, ಬಂದ ತುಕ್ಕನ್ನು ಹಗುರವಾಗಿ ತೀಡಿ, ಮತ್ತೆ ಸವರಬೇಕಂತೆ. ಹೀಗೆ ಪದರ ಕೂತರೆ ಕಬ್ಬಿಣ ಕಂದು ಬಣ್ಣಕ್ಕೆ ತಿರುಗುತ್ತದಂತೆ, ಆ ತುಕ್ಕೇ ಮುಂದೆ ತುಕ್ಕು ತಡೆಯುತ್ತದಂತೆ. ಮಗಳು ಅನಘಾ, "ಅಮ್ಮಾ, ಯೂ ಪಾಲಿಶ್ಡ್ ಇಟ್?" ಎಂದು ನಗಲು ಹೊರಟವಳು ಅಪ್ಪನ ಮುಖ ನೋಡಿ ತನ್ನ ಕೋಣೆಗೆ ಹೋದಳು. ಇವರು ಬೈದಿದ್ದರೆ ನನಗೆ ಸುಲಭವಿತ್ತು. ಬೈಯಲಿಲ್ಲ. "ಈಗ್ಲೇ ಶುರು ಮಾಡ್ತೀನಿ" ಎಂದು ಕೈ ಚಾಚಿದರು.

ಅಲ್ಲಿಯೇ ಇನ್ನೊಂದು ತೊಡಕು. ಪೂಜೆಗಿಟ್ಟ ಆಯುಧವನ್ನು ಮರುದಿನದ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ. ಈ ನಿಯಮವನ್ನು ಮನೆಯಲ್ಲಿ ಪಾಲಿಸಿಕೊಂಡು ಬಂದವಳು ನಾನೇ. ಇವರು ನನ್ನನ್ನು ನೋಡಿದರು. ನಾನು ದೇವರನ್ನು ನೋಡಿದೆ. ದೇವರು ಯಾರನ್ನೂ ನೋಡಲಿಲ್ಲ. "ಸರಿ ಬಿಡು, ಒಂಬತ್ತು ದಿನ ಉಳೀತು" ಎಂದು ಇವರು ಕೈ ಹಿಂದಕ್ಕೆ ತೆಗೆದುಕೊಂಡರು.

ಸದ್ಯ, ಮರದ ಭಾಗ ಗರಾಜಿನಲ್ಲಿತ್ತು. ಕಣ್ಣಿಗೆ ಬಿದ್ದಿದ್ದರೆ ಅದನ್ನೂ ತಿಕ್ಕುತ್ತಿದ್ದೆ. ಆ ದಯೆಗೆ ಕೈಮುಗಿದು ಹರಕೆ ಹೊತ್ತೆ: ತುಕ್ಕು ಹಿಡಿಸು, ಇನ್ನು ಕೇಳದೆ ಗರಾಜಿನ ಒಂದು ಸಾಮಾನನ್ನೂ ಬೆಳಗುವುದಿಲ್ಲ. ಇವರು ಕೆಲಸಕ್ಕೆ ಹೋದಮೇಲೆ ತುಕ್ಕಿನ ಕಾವಲು ನನ್ನದಾಯಿತು. ಬರದಿಂದಾಗಿ ನೀರಿಗೆ ಕಟ್ಟುನಿಟ್ಟಿದ್ದ ವರ್ಷ ಅದು. ಒಂದೇ ಬಕೆಟ್ ಬಿಸಿನೀರು ನಳಿಗೆಗೆ ಹಬೆ ಕೊಟ್ಟು, ಆರಿದ ಮೇಲೆ ಕರಿಬೇವಿಗೆ ಹೋಗುತ್ತಿತ್ತು. ಎಷ್ಟು ಸೋಪಿನಲ್ಲಿ ತೊಳೆದರೂ ನನ್ನ ಕೊಬ್ಬರಿ ಎಣ್ಣೆ ಜಪ್ಪಯ್ಯ ಅನ್ನಲಿಲ್ಲ. ಮೊದಮೊದಲು ತುಕ್ಕು ತೇಪೆ ತೇಪೆಯಾಗಿ ಬಂತು. ಆರನೆಯ ದಿನ ಒಂದೇ ಸಮನಾಗಿ ಕೆಂಪು ಕಂಡಾಗ ಕಣ್ಣಲ್ಲಿ ನೀರು ಬಂತು. ಕುಂಕುಮವಿಟ್ಟಿದ್ದ ಕಡೆ ಮಾತ್ರ ಹೆಬ್ಬೆರಳಗಲದ ಜಾಗ ಕೊನೆಗೂ ಒಲಿಯಲಿಲ್ಲ.

ಹೊರಡುವ ಬೆಳಿಗ್ಗೆ ಅಂಕಲ್ ನಮ್ಮ ಮನೆಗೆ ಬಂದು, ಇವರು ಜೋಡಿಸಿ ಮುಗಿಸಿದ್ದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡರು. ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣುಮುಚ್ಚಿ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಮಾತ್ರ ನುಣುಪಾಗಿದೆಯಲ್ಲ?"

ಇವರು ಕೆಮ್ಮಿದರು. ನಾನೇ ಒಪ್ಪಿಕೊಂಡೆ. "ಅಲ್ಲಿ ಕುಂಕುಮ ಇಟ್ಟಿದ್ದೆ ಅಂಕಲ್. ದೇವರಿಗೆ ಅಂತ."

ಅವರು ಆ ಜಾಗವನ್ನು ಮತ್ತೊಮ್ಮೆ ಸವರಿದರು. "ಒಳ್ಳೆಯದಾಯಿತು ಬಿಡಮ್ಮ. ಮುಂದಿನ ಸಲ ಬರುವಾಗ ಕಣ್ಣಿರುತ್ತದೋ ಇಲ್ಲವೋ. ಇದೇ ನಮ್ಮ ಕೋವಿ ಅಂತ ಗುರುತು ಹಿಡಿಯಬಹುದು."

ಕೋವಿ ಈಗ ಉಕ್ಕಿನ ಪೆಟ್ಟಿಗೆಯಲ್ಲಿ ಅವರನ್ನು ಕಾಯುತ್ತಿದೆ. ನನ್ನ ಹರಕೆಯೂ ನಡೆಯುತ್ತಿದೆ. ಗರಾಜಿನ ಮೂಲೆಯಲ್ಲಿ ಗುದ್ದಲಿಯೊಂದು ಕೆಂಪಗೆ ನಿಂತಿದೆ. ಅದು ಬರೀ ತುಕ್ಕೋ, ಯಾರದಾದರೂ ಶ್ರಮವೋ ಎಂದು ಕೇಳಲು ಇನ್ನೂ ಧೈರ್ಯ ಬಂದಿಲ್ಲ. ಸದ್ಯಕ್ಕೆ ದಿನವೂ ಅದಕ್ಕೊಂದು ನಮಸ್ಕಾರ ಹಾಕಿ ಒಳಗೆ ಬರುತ್ತೇನೆ.