ಕ್ಲಚ್ ಪೈಪಿನಲ್ಲಿ ಬಿಡಾರ ಹೂಡಿದ್ದ ಗಾಳಿಗುಳ್ಳೆಯವರಿಗೆ

ಮಾನ್ಯ ಗಾಳಿಗುಳ್ಳೆಯವರೇ,

ತಾವು ಎಲ್ಲಿದ್ದರೂ ದುಂಡಗೆ, ಹಗುರವಾಗಿ ಇದ್ದೀರೆಂದು ನಂಬಿ ನಮಸ್ಕರಿಸುತ್ತೇನೆ. ನಮ್ಮ ಲಾಂಡ್ರಿ ವ್ಯಾನಿನ ಕ್ಲಚ್ ಪೈಪನ್ನು ಬಿಟ್ಟುಹೋದ ಮೇಲೆ ತಮ್ಮ ವಿಳಾಸ ಯಾರಿಗೂ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ, ಮನ್ನಿಸಬೇಕು. ತಾವು ಕರೆಯದೆ ಬಂದಿರೆಂದು ನನಗೆ ಬೇಸರವಿಲ್ಲ. ಬಂದವರು ಹೊರಟುಹೋದಿರೆಂಬುದೇ ನನ್ನ ದೂರು.

ತಾವು ಪೈಪಿನೊಳಗೆ ಕತ್ತಲಲ್ಲಿದ್ದವರಾದ್ದರಿಂದ ಹೊರಗೆ ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ನನ್ನದು, ವ್ಯಾನು ನನ್ನ ಹೆಂಡತಿಯದು. ಗೇರ್‌ಬಾಕ್ಸಿನ ಪಕ್ಕದ ಪುಟ್ಟ ಸಿಲಿಂಡರ್ ಸೋರತೊಡಗಿದಾಗ ಹೊಸದನ್ನು ತರಲು ಇಬ್ಬರೂ ಹೋದೆವು. ಅಂಗಡಿಯವನ ಎದುರಿಗೆ ನಾನು, ಇವಳು ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದೇ ಇಲ್ಲ, ಯಾವ ಸಿಲಿಂಡರ್ ತಾನೇ ಬಾಳುತ್ತದೆ ಎಂದುಬಿಟ್ಟೆ. ಅಂಗಡಿಯವನು ನಕ್ಕ. ಅವಳು ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಆಡಿದ ಮಾತು, ಒಡೆದ ಮುತ್ತು ಎಂಬುದು ನನಗೂ ಗೊತ್ತಿತ್ತು, ಆದರೆ ಅಂಗಡಿಯಿಂದ ಹೊರಬಂದ ಮೇಲೆ. ವ್ಯಾನು ಸರಿಯಾದ ದಿನವೇ ತನ್ನ ಅಕ್ಕನ ಮನೆಗೆ ಹೋಗಿ ಒಂದಷ್ಟು ದಿನ ಅಲ್ಲೇ ಇರುತ್ತೇನೆಂದು ನನ್ನ ಅಮ್ಮನ ಮೂಲಕ ಹೇಳಿಕಳಿಸಿದಳು.

ಹೊಸ ಸಿಲಿಂಡರ್ ಕೂರಿಸುವಾಗ ಎಣ್ಣೆ ಹರಿಯುವ ಪೈಪು ಬಿಚ್ಚಿದೆನಲ್ಲ, ಆಗ ತಾವು ದಯಮಾಡಿಸಿದಿರಿ. ಪೆಡಲ್ ಒದ್ದೆ ಟವೆಲ್ಲಿನಂತೆ ಮೆತ್ತಗಾಗಿ ನೆಲಕ್ಕೆ ಹೋಯಿತು, ಗೇರ್ ಬೀಳಲಿಲ್ಲ. ತಮ್ಮನ್ನು ಹೊರಗೆ ಕಳಿಸಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು, ಅದನ್ನು ಬಿಗಿದ ಮೇಲೆಯೇ ಮೇಲಿನವರು ಕಾಲು ತೆಗೆಯಬೇಕು. ಮಾತು ಬಿಟ್ಟ ಗಂಡ ಹೆಂಡಿರಿಗೆ ಇಂಥ ಕೆಲಸ ಕೊಟ್ಟ ತಮ್ಮ ಬುದ್ಧಿವಂತಿಕೆಯನ್ನು ಎಷ್ಟು ಹೊಗಳಿದರೂ ಸಾಲದು.

ಮಧ್ಯಸ್ಥಿಕೆಗೆ ಅಮ್ಮ ನಿಂತಳು. ನಾನು ಕೆಳಗಿನಿಂದ ಹಿಡ್ಕೊಂಡಿರಲಿ ಎಂದರೆ ಅಮ್ಮ ಅದನ್ನು ಹಾಗೇ ತಲುಪಿಸುವವಳಲ್ಲ. ನೋಡಮ್ಮ, ಅವನು ಹೇಳ್ತಿದ್ದಾನೆ, ನೀನು ಮನಸ್ಸಿಗೆ ಹಚ್ಕೋಬೇಡ, ಅವನು ಚಿಕ್ಕವನಿದ್ದಾಗಲೂ ಹೀಗೇ ಎಂದು ಪೀಠಿಕೆ ಹಾಕಿ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಹೆಂಡತಿ ಕಾಲೆತ್ತಿರುತ್ತಿದ್ದಳು. ಅರ್ಧ ಹೊರಬಂದಿದ್ದ ತಾವು ಸುರ್‍ರೆಂದು ಒಳಗೆ ಹೋಗಿ ಮತ್ತೆ ಕಾಲುಚಾಚಿ ಮಲಗುತ್ತಿದ್ದಿರಿ. ಮೊದಮೊದಲು ತಮ್ಮನ್ನು ಶಪಿಸಿದೆ. ಆಮೇಲೆ ತಾವಿರುವವರೆಗೆ ಅವಳು ಎಲ್ಲಿಗೂ ಹೋಗಲಾರಳೆಂದು ಹೊಳೆಯಿತು. ಅಂದಿನಿಂದ ತಾವು ನನಗೆ ಮನೆದೇವರಿಗಿಂತ ಹೆಚ್ಚಾದಿರಿ. ಬೇಕಿದ್ದರೆ ತಮ್ಮ ಬಳಗವನ್ನೆಲ್ಲ ಕರೆಸಿಕೊಳ್ಳಿ, ಟೈರಿನಲ್ಲಿರುವ ಬಂಧುಗಳನ್ನೂ ಕಳಿಸಿಕೊಡುತ್ತೇನೆ ಎಂದು ವ್ಯಾನಿನಡಿ ಮಲಗಿಕೊಂಡೇ ಬೇಡಿಕೊಂಡದ್ದು ತಮಗೆ ಕೇಳಿಸಿರಬೇಕು.

ಆದರೆ ಅಮ್ಮನಿಗೆ ಬೇಸರ ಬಂತು. ನಿಮ್ಮಿಬ್ಬರ ನಡುವೆ ನನ್ನ ಗಂಟಲು ಒಣಗಿತು ಎಂದು ಅಡುಗೆಮನೆಯಿಂದ ಸೌಟು ತಂದು ನನ್ನ ಕೈಗೆ ಕೊಟ್ಟಳು: ವ್ಯಾನಿನ ತಳಕ್ಕೆ ಒಂದು ಸಲ ಕುಟ್ಟಿದರೆ ಒತ್ತಿ ಹಿಡಿಯುವುದು, ಎರಡು ಸಲ ಕುಟ್ಟಿದರೆ ಬಿಡುವುದು. ಒಗೆದು ಮಡಿಸಿದ ಹೋಟೆಲಿನ ಹಾಸಿಗೆ ಬಟ್ಟೆಗಳು ಕಾಯುತ್ತಿದ್ದವು, ನನಗೆ ಬೇರೆ ದಾರಿಯಿರಲಿಲ್ಲ. ಕುಟ್ಟಿದೆ. ಅವಳು ಒತ್ತಿದಳು. ನಮ್ಮ ಸಂಸಾರದಲ್ಲೇ ಅಂಥ ಹೊಂದಾಣಿಕೆ ಕಂಡಿರಲಿಲ್ಲ. ತಾವು ನಾಚಿಕೆ ಬಿಟ್ಟು ಬುಳುಬುಳು ಎನ್ನುತ್ತ ಹೊರಬಂದು ನಿಪ್ಪಲ್ಲಿಗೆ ಹಿಡಿದಿದ್ದ ಎಣ್ಣೆಯ ಬಾಟಲಿಯಲ್ಲಿ ಒಡೆದುಹೋದಿರಿ. ಮನುಷ್ಯರ ಮಾತಿಗೆ ಕದಲದವರು ಒಂದು ಸೌಟಿಗೆ ಹೆದರಿದಿರಲ್ಲ, ಇದೇನು ಮರ್ಯಾದೆ?

ಪೆಡಲ್ ಗಟ್ಟಿಯಾಯಿತು. ನಾನು ಕೆಳಗಿನಿಂದ ಮೂರು ಸಲ ಕುಟ್ಟಿದೆ. ಮೂರಕ್ಕೆ ಅರ್ಥವೇನೆಂದು ಯಾರೂ ಗೊತ್ತುಮಾಡಿರಲಿಲ್ಲ. ಅವಳು ನಾನು ಹೊರಗೆ ತೆವಳಿ ಬರುವವರೆಗೆ ಕಾದು, ಬಟ್ಟೆಗಳನ್ನೂ ತನ್ನ ಚೀಲವನ್ನೂ ಹೇರಿಕೊಂಡು ಹೊರಟುಹೋದಳು. ಮನೆ ಬಿಕೋ ಎನ್ನುತ್ತಿದೆ. ಆದಕಾರಣ ತಾವು ಇದ್ದಲ್ಲಿಂದ ಕೂಡಲೇ ಹೊರಟು, ವ್ಯಾನನ್ನು ಬೆನ್ನಟ್ಟಿ, ಮುಚ್ಚಿದ ನಿಪ್ಪಲ್ಲಿನ ಮೂಲಕವೇ ಒಳಹೊಕ್ಕು, ಹಿಂದಿನ ಹುದ್ದೆಯನ್ನು ಮತ್ತೆ ವಹಿಸಿಕೊಳ್ಳಬೇಕೆಂದು ಕೈಮುಗಿದು ಕೋರುವ,

ತಮ್ಮ ವಿಶ್ವಾಸಿ,
ಸೌಟು ಕೈಯಲ್ಲಿ ಹಿಡಿದಿರುವ ಇಸ್ತ್ರಿಯವನು

ಮರೆತ ಮಾತು: ಪತ್ರಿಕೆಗೆ ಕಳಿಸಲು ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕನ ಮನೆಯಿಂದ ಹೆಂಡತಿಯ ಫೋನು ಬಂತು. “ಪೆಡಲ್ ಮತ್ತೆ ಮೆತ್ತಗಾಗಿದೆ, ಬನ್ನಿ. ಸೌಟು ತರಬೇಡಿ,” ಎಂದಳು. ತಮ್ಮ ಕರ್ತವ್ಯನಿಷ್ಠೆಗೆ ಮೆಚ್ಚಿ ಧನ್ಯವಾದ ಬರೆಯಲು ಕೂತರೆ, ಆ ಅಕ್ಕನ ಗಂಡ, ನನ್ನ ಷಡ್ಡಕರು ಫೋನು ಮಾಡಿ, ಖುದ್ದಾಗಿ ಒತ್ತಿ ನೋಡಿದ್ದಾಗಿಯೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆಯೆಂದೂ, ಈ ವಿಷಯ ಹೇಳಿದ್ದು ಅವರೆಂದು ಎಲ್ಲೂ ಬಾಯಿಬಿಡಬಾರದೆಂದೂ ಪಿಸುಗುಟ್ಟಿದರು. ಹೀಗಾಗಿ ಮೇಲಿನ ಕೋರಿಕೆಯನ್ನು ಹಿಂದಕ್ಕೆ ಪಡೆದಿದ್ದೇನೆ. ನಾನು ಬಸ್ಸು ಹಿಡಿಯುತ್ತಿದ್ದೇನೆ, ತಾವು ಅತ್ತ ಸುಳಿಯಬೇಡಿ.